ಬೇಳೆ ತಿಂದರೆ ಕೀವಾಗುತ್ತಾ, ಡಾಕ್ಟ್ರೇ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಆಪರೇಷನ್ ಮಾಡಿಸಿಕೊಳ್ಳಲೋ ಬೇಡವೋ ಎಂದು ಕೇಳುವವರು ಕಡಿಮೆ. ಅದನ್ನು ಮನೆಯವರೆಲ್ಲ ಕೂತು ಮಾತಾಡಿ, ಒಬ್ಬರು ಬೆಂಗಳೂರಿನ ನೆಂಟರಿಗೆ ಫೋನ್ ಮಾಡಿ, ಇನ್ನೊಬ್ಬರು ಪಂಚಾಂಗ ತೆಗೆದು ತೀರ್ಮಾನಿಸಿರುತ್ತಾರೆ. ಪ್ರಶ್ನೆಗಳು ಶುರುವಾಗುವುದು ರೋಗಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ. ಬೇಳೆ ಕೊಡಬಹುದೇ? ಬದನೆಕಾಯಿ ನಂಜಲ್ಲವೇ? ಮೆಟ್ಟಿಲು ಹತ್ತಿದರೆ ಹೊಲಿಗೆ ಕಿತ್ತುಹೋಗುತ್ತದೆಯೇ? ತಲೆಗೆ ನೀರು ಹಾಕುವುದು ಯಾವಾಗ? ತಾಲೂಕು ಕೇಂದ್ರವೊಂದರಲ್ಲಿ ಹೊಟ್ಟೆ ಕೊಯ್ದು ಹೊಲಿಯುವ ಕೆಲಸ ಮಾಡಿಕೊಂಡಿರುವ ನನಗೆ ಈ ಪ್ರಶ್ನೆಗಳು ಹೊಸವಲ್ಲ. ಆದರೆ ಒಂದು ಸಂಗತಿ ವರ್ಷಗಳಿಂದ ಕಾಡುತ್ತಿದೆ. ನಮ್ಮ ಆಪರೇಷನ್‌ಗಳು ಪೂರಾ ಬದಲಾಗಿವೆ. ಆಪರೇಷನ್ ಆದವರನ್ನು ನೋಡಿಕೊಳ್ಳುವ ನಮ್ಮ ಮನೆಗಳ ಕ್ರಮ ಮಾತ್ರ ಅಜ್ಜಿಯ ಕಾಲದಲ್ಲಿ ಹೇಗಿತ್ತೋ ಹಾಗೇ ಉಳಿದಿದೆ.

ಹರ್ನಿಯಾ ಆಪರೇಷನ್ ಆಗಿದ್ದ ರೈತರೊಬ್ಬರು ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದಿದ್ದರು. ಆಳು ಇಳಿದುಹೋಗಿದ್ದ; ಅಂಗಿ ಹ್ಯಾಂಗರಿಗೆ ತೂಗುಹಾಕಿದ ಹಾಗಿತ್ತು. ‘ಊಟಕ್ಕೆ ಏನು ಕೊಡ್ತಿದ್ದೀರಮ್ಮ?’ ಎಂದು ಜೊತೆಗೆ ಬಂದಿದ್ದ ಹೆಂಡತಿಯನ್ನು ಕೇಳಿದೆ. ‘ಪಥ್ಯ ಒಂಚೂರೂ ತಪ್ಪಿಸಿಲ್ಲ ಡಾಕ್ಟ್ರೇ. ಬೆಳಿಗ್ಗೆ ಬ್ರೆಡ್ಡು ಹಾಲು, ಮಧ್ಯಾಹ್ನ ಗಂಜಿ, ರಾತ್ರಿನೂ ಗಂಜಿ. ಬೇಳೆ ಅಂಬೋದು ಸೋಕಿಸಿಲ್ಲ’ ಎಂದರು, ಪರೀಕ್ಷೆಯಲ್ಲಿ ಪಾಸಾದವರ ಹೆಮ್ಮೆಯಲ್ಲಿ. ‘ಮುದ್ದೆ?’ ‘ಅಯ್ಯೋ, ಮಲಗಿರೋರಿಗೆ ಮುದ್ದೆ ಅರಗ್ತದಾ?’ ರೈತರು ಮಾತಾಡಲಿಲ್ಲ. ನನ್ನ ಕಡೆ ನೋಡಿದ ನೋಟದಲ್ಲೇ ಅರ್ಜಿ ಇತ್ತು. ಗಾಯ ನೋಡಿದೆ. ಕೀವೇನೂ ಇರಲಿಲ್ಲ. ಆದರೆ ಆಪರೇಷನ್ ಟೇಬಲ್ಲಿನ ಮೇಲೆ ಗಟ್ಟಿಮುಟ್ಟಾಗಿದ್ದ ಮನುಷ್ಯ ಈಗ ಕುರ್ಚಿಯಿಂದ ಏಳುವಾಗ ಎರಡೂ ಕೈ ಊರುತ್ತಿದ್ದರು. ಅದನ್ನು ಮಾಡಿದ್ದು ನನ್ನ ಚಾಕುವಲ್ಲ, ಗಂಜಿ ಮತ್ತು ಮಂಚ.

ಮೊದಲು ಕೀವಿನ ವಿಷಯ ಮುಗಿಸೋಣ. ಕೀವು ಎಂದರೆ ಗಾಯಕ್ಕೆ ಹೊಕ್ಕ ಬ್ಯಾಕ್ಟೀರಿಯಾ, ಅವುಗಳ ಜೊತೆ ಬಡಿದಾಡಿ ಸತ್ತ ಬಿಳಿ ರಕ್ತಕಣಗಳು, ಕರಗಿದ ಅಂಗಾಂಶ. ಆ ಬ್ಯಾಕ್ಟೀರಿಯಾ ಬರುವುದು ಚರ್ಮದಿಂದ, ಕೈಯಿಂದ, ಬಟ್ಟೆಯಿಂದ, ಒಮ್ಮೊಮ್ಮೆ ಆಪರೇಷನ್ ಆದ ಅಂಗದಿಂದಲೇ. ತೊಗರಿಬೇಳೆಗೂ ಅದಕ್ಕೂ ಸಂಬಂಧವಿಲ್ಲ. ಹಾಗಾದರೆ ಹಿರಿಯರು ಸುಮ್ಮನೆ ಹೇಳಿದರೇ ಎಂದು ಕೇಳುತ್ತೀರಿ. ಜೋಸೆಫ್ ಲಿಸ್ಟರ್ ಗಾಯಕ್ಕೆ ಕಾರ್ಬಾಲಿಕ್ ಆಮ್ಲ ಬಳಸಿ ಸೋಂಕು ತಡೆಯಬಹುದೆಂದು ಬರೆದದ್ದು 1867ರಲ್ಲಿ. ಅಲ್ಲಿಯವರೆಗೆ ದೊಡ್ಡ ಗಾಯವೆಂದರೆ ಕೀವಾಗುವುದೇ ವಾಡಿಕೆ. ಆಸ್ಪತ್ರೆಯಲ್ಲೂ ಅದೇ, ಮನೆಯಲ್ಲೂ ಅದೇ. ಕಣ್ಣಿಗೆ ಕಾಣದ ಕಾರಣ ಸಿಗದಿದ್ದಾಗ ಕಾಣುವ ತಟ್ಟೆಯ ಮೇಲೆ ಅನುಮಾನ ಬಿದ್ದಿರಬೇಕು. ಇದು ನನ್ನ ಊಹೆ. ಆದರೆ ಬೇಳೆ, ಮೊಟ್ಟೆ, ಮೀನು, ಕಡಲೆಕಾಯಿ ಹೀಗೆ ‘ನಂಜು’ ಎಂದು ದೂರ ಇಟ್ಟ ಪಟ್ಟಿ ನೋಡಿದರೆ ಗಾಯ ಮಾಯಲು ದೇಹ ಕೇಳುವುದೆಲ್ಲ ಅದರಲ್ಲೇ ಇದೆಯಲ್ಲ ಎಂದು ನಗು ಬರುತ್ತದೆ, ಸಿಟ್ಟೂ ಬರುತ್ತದೆ.

ಗಾಯ ಕೂಡಿಕೊಳ್ಳುವುದು ಕೊಲಾಜೆನ್ ಎಂಬ ಪ್ರೊಟೀನಿನ ಎಳೆಗಳಿಂದ. ಅದನ್ನು ನೇಯಲು ಪ್ರೊಟೀನು ಬೇಕು, ವಿಟಮಿನ್ ಸಿ ಬೇಕು, ಸತುವೂ ಬೇಕು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹತೂಕದ ಕಿಲೋಗೆ 0.83 ಗ್ರಾಂ ಪ್ರೊಟೀನು ಸಾಕೆಂದು ಐಸಿಎಂಆರ್ ಹೇಳುತ್ತದೆ. ದೊಡ್ಡ ಆಪರೇಷನ್ ಆದವರಿಗೆ ಯುರೋಪಿನ ಪೌಷ್ಟಿಕತಜ್ಞರ ಸಂಘದ ಮಾರ್ಗಸೂಚಿ ಸೂಚಿಸುವುದು ಕಿಲೋಗೆ 1.5 ಗ್ರಾಂ. ಅಂದರೆ 60 ಕಿಲೋ ತೂಕದವರಿಗೆ ಸುಮಾರು 90 ಗ್ರಾಂ. ಈಗ ನಮ್ಮ ರೈತರ ಪಥ್ಯದ ಲೆಕ್ಕ ಹಾಕಿ. ಎರಡು ಹೊತ್ತು ತೆಳು ಗಂಜಿಯಲ್ಲಿ ನಾಲ್ಕು ಗ್ರಾಂ, ನಾಲ್ಕು ಸ್ಲೈಸ್ ಬ್ರೆಡ್ಡಿನಲ್ಲಿ ಎಂಟು, ಎರಡು ಲೋಟ ಹಾಲಿನಲ್ಲಿ ಹನ್ನೆರಡು ಹದಿಮೂರು. ಎಲ್ಲ ಸೇರಿ 25 ಗ್ರಾಂ ದಾಟಿದರೆ ಹೆಚ್ಚು. ಉಳಿದದ್ದನ್ನು ದೇಹ ಎಲ್ಲಿಂದ ತರಬೇಕು? ತೊಡೆಯಿಂದ, ಸೊಂಟದಿಂದ, ತೋಳಿನಿಂದ. ಇದ್ದ ಮಾಂಸಖಂಡವನ್ನೇ ಕರಗಿಸಿಕೊಂಡು ಗಾಯಕ್ಕೆ ಕಳಿಸುತ್ತದೆ. ಕುರ್ಚಿಯಿಂದ ಏಳಲು ಕೈ ಊರಬೇಕಾಗುವುದು ಅದಕ್ಕೇ.

ಇದಕ್ಕೆ ಡಬ್ಬಿಯ ಪುಡಿಯೇ ಬೇಕೆಂದಿಲ್ಲ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಗಟ್ಟಿ ತೊವ್ವೆಯ ಒಂದು ಬಟ್ಟಲಿನಲ್ಲಿ ಆರೇಳು ಗ್ರಾಂ, ಒಂದು ಮುದ್ದೆಗೆ 100 ಗ್ರಾಂ ರಾಗಿಹಿಟ್ಟು ಹಿಡಿದರೆ ಅದರಲ್ಲೂ ಏಳು ಗ್ರಾಂ. ಮುದ್ದೆಗೆ ಹುರುಳಿಕಾಳಿನ ಸಾರು, ಕೊನೆಗೆ ಮೊಸರನ್ನ, ಸಂಜೆಗೆ ಬೇಯಿಸಿದ ಹೆಸರುಕಾಳು. ತಿನ್ನುವ ಮನೆಯವರಾದರೆ ಮೀನು, ಕೋಳಿ. ಸೀಬೆಹಣ್ಣು, ನೆಲ್ಲಿಕಾಯಿ ನಮ್ಮ ಸಂತೆಗಳಲ್ಲೇ ಸಿಗುತ್ತವೆ. ವಿಟಮಿನ್ ಸಿ ವಿಷಯದಲ್ಲಿ ಸೇಬು ಅವೆರಡರ ಹತ್ತಿರವೂ ಸುಳಿಯುವುದಿಲ್ಲ. ಆದರೂ ರೋಗಿ ನೋಡಲು ಹೋಗುವವರ ಕೈಯಲ್ಲಿ ಸೇಬೇ ಇರುತ್ತದೆ, ಯಾಕೋ. ಕರುಳಿನ ಆಪರೇಷನ್ ಆದವರು, ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ತಮ್ಮ ವೈದ್ಯರು ಹೇಳಿದ ಊಟವನ್ನೇ ಮಾಡಬೇಕು, ನನ್ನ ಅಂಕಣ ನೋಡಿಕೊಂಡು ಅಲ್ಲ.

ಸಕ್ಕರೆ ಕಾಯಿಲೆ ಇದ್ದವರ ಮನೆಯಲ್ಲಿ ಈ ಪಥ್ಯ ಇನ್ನೊಂದು ಬಗೆಯಲ್ಲಿ ತಿರುಗಿ ಬೀಳುತ್ತದೆ. ಗಂಜಿ, ಬ್ರೆಡ್ಡು, ಗ್ಲೂಕೋಸ್ ಬಿಸ್ಕತ್ತು, ಹಣ್ಣಿನ ರಸ ಇವೆಲ್ಲ ಬಾಯಿಗೆ ಮೆತ್ತಗೆ, ರಕ್ತದಲ್ಲಿ ಬೇಗ ಸಕ್ಕರೆ. ಏರಿದ ಸಕ್ಕರೆಯಲ್ಲಿ ಬಿಳಿ ರಕ್ತಕಣಗಳು ಮಂಕಾಗುತ್ತವೆ, ಗಾಯಕ್ಕೆ ಸೋಂಕು ತಗಲುವ ಸಂಭವ ಹೆಚ್ಚುತ್ತದೆ. ಬೇಳೆ ಕೊಡದೆ ಕೀವು ತಪ್ಪಿಸಲು ಹೋದವರು ಬಿಸ್ಕತ್ತು ಕೊಟ್ಟು ಕೀವಿಗೆ ದಾರಿ ಮಾಡುತ್ತಾರೆ. ‘ಊಟನೇ ಸರಿಯಾಗಿ ಮಾಡ್ತಿಲ್ಲ, ಮಾತ್ರೆ ಯಾಕೆ’ ಎಂದು ಸಕ್ಕರೆ ಮಾತ್ರೆಯನ್ನು ತಾವೇ ನಿಲ್ಲಿಸಿಬಿಡುವವರೂ ಇದ್ದಾರೆ. ನಿಲ್ಲಿಸುವುದಕ್ಕಾಗಲಿ ಕಡಿಮೆ ಮಾಡುವುದಕ್ಕಾಗಲಿ ವೈದ್ಯರನ್ನು ಕೇಳಿ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಆ ವಾರಗಳಲ್ಲಿ ಅದನ್ನು ಬೀರುವಿನಿಂದ ಹೊರಗೆ ತೆಗೆಯಿರಿ.

ಇನ್ನು ಮಂಚದ ವಿಷಯ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರ ಕಣ್ಣಿನ ಶಿಬಿರಗಳನ್ನು ಕಂಡವರು ಈಗಲೂ ನಮ್ಮ ಊರುಗಳಲ್ಲಿದ್ದಾರೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಜನ ಸಾಲಾಗಿ ಮಲಗಿರುತ್ತಿದ್ದರು. ತಲೆ ಅಲ್ಲಾಡಿಸಬಾರದು, ಕೆಮ್ಮಬಾರದು, ಬಗ್ಗಬಾರದು. ಆಗ ಅದು ಸರಿಯಾದ ಕಟ್ಟಳೆಯೇ. ಆ ಕಾಲದ ಪೊರೆ ಆಪರೇಷನ್ನಿನಲ್ಲಿ ಕರಿಗುಡ್ಡೆಯ ಅಂಚಿನಲ್ಲಿ 10-12 ಮಿಲಿಮೀಟರಿನಷ್ಟು ಕೊಯ್ದು ಪೊರೆ ಬಂದ ಮಸೂರವನ್ನು ಇಡಿಯಾಗಿ ತೆಗೆಯುತ್ತಿದ್ದರು. ತಲೆ ಜೋರಾಗಿ ಅಲ್ಲಾಡಿದರೆ ಗಾಯ ಬಾಯಿಬಿಡುವ ಭಯ ನಿಜವಾಗಿತ್ತು. ಈಗ ಫೇಕೋ ವಿಧಾನದಲ್ಲಿ ಆ ಕೊಯ್ತ ಎರಡು ಮೂರು ಮಿಲಿಮೀಟರು, ಹೊಲಿಗೆಯೇ ಇಲ್ಲ. ರೋಗಿ ಮಧ್ಯಾಹ್ನ ತಾನೇ ನಡೆದು ಮನೆಗೆ ಹೋಗುತ್ತಾನೆ. ಕಣ್ಣು ಉಜ್ಜದೆ, ಕೊಳೆನೀರು ಸೋಕಿಸದೆ, ಹೊತ್ತಿಗೆ ಸರಿಯಾಗಿ ಡ್ರಾಪ್ಸ್ ಹಾಕಿಕೊಂಡರಾಯಿತು. ಮನೆಯಲ್ಲಿ ಮಾತ್ರ ‘ಅಲ್ಲಾಡಬೇಡ ಅಜ್ಜಿ, ಮಲಕ್ಕೋ’ ಎನ್ನುವ ಮೊಮ್ಮಕ್ಕಳು. ಪಿತ್ತಕೋಶದ್ದೂ ಅದೇ ಕಥೆ. ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಕೊಯ್ಯುತ್ತಿದ್ದ ಆಪರೇಷನ್ 1990ರಲ್ಲಿ ಮುಂಬಯಿಯಲ್ಲಿ ಡಾ. ಟೆಹೆಮ್ಟನ್ ಉದ್ವಾಡಿಯಾ ಅವರ ಕೈಯಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಲ್ಯಾಪರೋಸ್ಕೋಪಿಗೆ ಬದಲಾಯಿತು. ಈಗ ತಾಲೂಕುಗಳಲ್ಲೂ ಆಗುತ್ತದೆ. ಹೊಟ್ಟೆಯ ಮೇಲೆ ಮೂರು ನಾಲ್ಕು ಸಣ್ಣ ತೂತು ಬಿಟ್ಟರೆ ಬೇರೇನಿಲ್ಲ, ಆದರೂ ತಿಂಗಳುಗಟ್ಟಲೆ ಹಾಸಿಗೆ ಹಿಡಿಯುವವರಿದ್ದಾರೆ.

ಆಪರೇಷನ್ ಆದವರನ್ನು ಬೇಗ ಎಬ್ಬಿಸಿ ನಡೆಸಬೇಕೆಂದು ಶಿಕಾಗೋದ ಎಮಿಲ್ ರೀಸ್ ಎಂಬ ವೈದ್ಯ 1899ರಲ್ಲೇ ಹೇಳಿದ್ದ. ಬಹಳ ಕಾಲ ಅವನ ಮಾತು ನಡೆಯಲಿಲ್ಲ. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ದೊಡ್ಡ ಕರುಳಿನ ಆಪರೇಷನ್ ಆದವರಿಗೆ ನೋವು ಚೆನ್ನಾಗಿ ತಡೆದು, ಬೇಗ ಊಟ ಕೊಟ್ಟು, ಬೇಗ ನಡೆಸಿ, ವಾರ ಹತ್ತು ದಿನ ಆಸ್ಪತ್ರೆಯಲ್ಲಿರುತ್ತಿದ್ದವರಲ್ಲಿ ಬಹಳಷ್ಟು ಮಂದಿಯನ್ನು ಎರಡು ಮೂರು ದಿನಕ್ಕೆ ಮನೆಗೆ ಕಳಿಸಿ ತೋರಿಸಿದ ಮೇಲೆ ಪ್ರಪಂಚ ಕಿವಿಗೊಟ್ಟಿತು. ಮಲಗಿದ್ದರೆ ಆಗುವ ನಷ್ಟ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. 2007ರಲ್ಲಿ ಅಮೆರಿಕದಲ್ಲಿ ಆರೋಗ್ಯವಾಗಿಯೇ ಇದ್ದ ಹಿರಿಯ ವಯಸ್ಸಿನವರನ್ನು 10 ದಿನ ಸುಮ್ಮನೆ ಹಾಸಿಗೆಯಲ್ಲಿ ಇರಿಸಿ ನೋಡಿದರು; ಅವರ ಕಾಲುಗಳಿಂದಲೇ ಸರಾಸರಿ ಕಿಲೋದಷ್ಟು ಮಾಂಸಖಂಡ ಕರಗಿತ್ತು. ಅವರಿಗೆ ಆಪರೇಷನ್ ಕೂಡ ಆಗಿರಲಿಲ್ಲ, ಗಂಜಿ ಪಥ್ಯವೂ ಇರಲಿಲ್ಲ. ಇದರ ಜೊತೆಗೆ ಅಲ್ಲಾಡದ ಮೀನಖಂಡದ ರಕ್ತನಾಳಗಳಲ್ಲಿ ರಕ್ತ ನಿಧಾನವಾಗಿ ಹೆಪ್ಪುಗಟ್ಟುವ ಅಪಾಯ, ಶ್ವಾಸಕೋಶದ ತಳಭಾಗ ಅರಳದೆ ಕಫ ಕಟ್ಟುವ ಅಪಾಯ.

ನಡೆಯುವುದು ಎಂದರೆ ವಾಕಿಂಗ್ ಶೂ ಹಾಕಿಕೊಂಡು ಪಾರ್ಕಿಗೆ ಹೋಗುವುದಲ್ಲ. ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಜಗಲಿಗೆ, ಜಗಲಿಯಲ್ಲಿ ಹತ್ತು ನಿಮಿಷ ಕೂತು ಮತ್ತೆ ಒಳಗೆ. ದಿನಕ್ಕೆ ಐದಾರು ಸಲ, ನಾಳೆಗೆ ಇವತ್ತಿಗಿಂತ ಸ್ವಲ್ಪ ಹೆಚ್ಚು. ಏಳುವಾಗ ಅಂಗಾತದಿಂದ ನೇರ ಎದ್ದರೆ ಹೊಟ್ಟೆಯ ಹೊಲಿಗೆ ಜಗ್ಗುತ್ತದೆ. ಮೊದಲು ಮಗ್ಗುಲಾಗಿ, ಕಾಲು ಮಂಚದಿಂದ ಇಳಿಬಿಟ್ಟು, ಮೊಣಕೈ ಊರಿ ಕೂತುಕೊಳ್ಳಿ. ಒಂದು ನಿಮಿಷ ಕೂತು ತಲೆ ಸುತ್ತುವುದಿಲ್ಲವೆಂದು ನೋಡಿಕೊಂಡು ಆಮೇಲೆ ನಿಲ್ಲಿ. ಕೆಮ್ಮು ಬಂದರೆ ತಡೆಯಬೇಡಿ, ದಿಂಬನ್ನು ಗಾಯದ ಮೇಲೆ ಒತ್ತಿ ಹಿಡಿದು ಕೆಮ್ಮಿ. ಮಂಡಿಕೀಲು ಬದಲಿಸಿಕೊಂಡವರಿಗೆ ಪ್ರೀತಿಯಿಂದ ಮಂಡಿ ಕೆಳಗೆ ದಿಂಬು ಇಡುವವರಿದ್ದಾರೆ. ಹಾಯೆನಿಸುತ್ತದೆ ನಿಜ, ಆದರೆ ಮಂಡಿ ಮಡಿಚಿದಂತೆಯೇ ಬಿಗಿದು ನೆಟ್ಟಗಾಗದೆ ಉಳಿಯುತ್ತದೆ. ದಿಂಬು ಬೇಕೇ ಬೇಕೆಂದರೆ ಹಿಮ್ಮಡಿಯ ಕೆಳಗೆ ಇಡಿ.

ಆಸ್ಪತ್ರೆಯಲ್ಲಿ ಮೂರು ಬಣ್ಣದ ಚೆಂಡುಗಳಿರುವ ಒಂದು ಪ್ಲಾಸ್ಟಿಕ್ ಸಾಧನ ಕೊಟ್ಟಿರುತ್ತಾರೆ, ಬಿಲ್ಲಿಗೂ ಸೇರಿಸಿರುತ್ತಾರೆ. ಮನೆಗೆ ಹೋದ ಮೇಲೆ ಅದು ಮಕ್ಕಳ ಪಾಲು. ಆಡಿದರೂ ಮಕ್ಕಳೇ ವಾಸಿ. ಎಷ್ಟೋ ರೋಗಿಗಳು ಅದನ್ನು ಬಲೂನಿನ ಹಾಗೆ ಊದುತ್ತಾರೆ, ಚೆಂಡು ಏಳದೆ ಹೋದರೆ ‘ಕೆಟ್ಟೋಗಿದೆ’ ಎಂದು ಮೂಲೆಗಿಡುತ್ತಾರೆ. ಅದು ಊದುವುದಕ್ಕಲ್ಲ, ಎಳೆಯುವುದಕ್ಕೆ. ಕೊಳವೆ ತುಟಿಗಿಟ್ಟು ನಿಧಾನವಾಗಿ ಉಸಿರು ಒಳಗೆಳೆದುಕೊಂಡರೆ ಮೊದಲ ಚೆಂಡು ಏಳುತ್ತದೆ, ಆಮೇಲೆ ಎರಡನೆಯದು. ಮೂರೂ ಏಳಲೇಬೇಕೆಂಬ ಹಟ ಬೇಡ. ಎದ್ದ ಚೆಂಡನ್ನು ಎರಡು ಮೂರು ಸೆಕೆಂಡು ಮೇಲೆಯೇ ಹಿಡಿದಿಟ್ಟರೆ ಶ್ವಾಸಕೋಶದ ಮೂಲೆಗಳೂ ಅರಳುತ್ತವೆ. ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ಉಸಿರು. ಟೀವಿಯಲ್ಲಿ ಜಾಹೀರಾತು ಬಂದಾಗಲೆಲ್ಲ ಎಂದು ನಾನು ಹೇಳುತ್ತೇನೆ. ಧಾರಾವಾಹಿ ನೋಡುವವರಿಗೆ ಅಷ್ಟು ಸಾಕೋ ಸಾಕು.

ನಡೆದರೆ ಹೊಲಿಗೆ ಕಿತ್ತುಹೋಗುವುದಿಲ್ಲ. ಎತ್ತಿದರೆ ಹೋಗಬಹುದು. ಇಲ್ಲಿ ನಮ್ಮ ಜನ ಉಲ್ಟಾ ಮಾಡುತ್ತಾರೆ: ಹೊಲಿಗೆ ಇರುವ ತನಕ ಅಲ್ಲಾಡುವುದಿಲ್ಲ, ಹೊಲಿಗೆ ಬಿಚ್ಚಿದ ದಿನವೇ ಗೆದ್ದೆ ಎಂದುಕೊಂಡು ಬಿಂದಿಗೆ ಎತ್ತುತ್ತಾರೆ. ಹೊಸ ಮನೆಯ ಮೋಲ್ಡಿನ ಸೆಂಟ್ರಿಂಗ್ ಬಿಚ್ಚಿದ ದಿನವೇ ಯಾರೂ ತಾರಸಿಗೆ ಸಿಮೆಂಟು ಮೂಟೆ ಏರಿಸುವುದಿಲ್ಲವಲ್ಲ. ಕೊಯ್ದ ಚರ್ಮಕ್ಕೆ ಮೂರು ವಾರ ಆದಾಗ ಬಂದಿರುವುದು ಮೊದಲಿನ ಬಲದ ಸುಮಾರು ಐದನೇ ಒಂದು ಭಾಗ. ಮೂರು ತಿಂಗಳಿಗೆ ಶೇ 80ರ ಹತ್ತಿರ. ಅದರಾಚೆಗೆ ಹೆಚ್ಚು ಹೋಗುವುದೂ ಇಲ್ಲ. ಹೊಟ್ಟೆಯ ಆಪರೇಷನ್ ಆದವರಿಗೆ ಆರು ವಾರ ಭಾರ ಎತ್ತಬೇಡಿ ಎಂದು ನಾವು ಹೇಳುವುದು ಈ ಲೆಕ್ಕದಿಂದ. ತುಂಬಿದ ಗ್ಯಾಸ್ ಸಿಲಿಂಡರು 30 ಕಿಲೋ ಹತ್ತಿರ ತೂಗುತ್ತದೆ, ಅದನ್ನೂ ಎತ್ತಬೇಡಿ.

ಈ ಎತ್ತುವ ಮಾತು ಬಂದಾಗ ನನಗೆ ನೆನಪಾಗುವುದು ಗಂಡಸರಲ್ಲ. ಗರ್ಭಕೋಶ ತೆಗೆಸಿಕೊಂಡ ಹೆಂಗಸು ಎರಡನೇ ವಾರಕ್ಕೆ ಬಾವಿಕಟ್ಟೆಯಲ್ಲಿರುತ್ತಾಳೆ. ಅಪೆಂಡಿಕ್ಸ್ ತೆಗೆಸಿಕೊಂಡ ಗಂಡ ಎರಡನೇ ತಿಂಗಳಲ್ಲೂ ಲೋಟ ಕೈಗೆ ತರಿಸಿಕೊಳ್ಳುತ್ತಾನೆ. ಇಬ್ಬರಿಗೂ ನಾನು ಬರೆದುಕೊಟ್ಟದ್ದು ಒಂದೇ ಭಾಷೆಯಲ್ಲಿ. ನಮ್ಮ ಮನೆಗಳಲ್ಲಿ ಗಂಡಸಿಗೆ ಬೇಕಾದ್ದಕ್ಕಿಂತ ಹೆಚ್ಚು ವಿಶ್ರಾಂತಿ, ಹೆಂಗಸಿಗೆ ಬೇಕಾದ್ದಕ್ಕಿಂತ ಕಡಿಮೆ, ಇದನ್ನು ಎಷ್ಟು ವರ್ಷ ನೋಡಿದರೂ ಒಗ್ಗುತ್ತಿಲ್ಲ. ಹೆಣ್ಣುಮಕ್ಕಳ ಆಪರೇಷನ್ ನಿಗದಿ ಮಾಡುವಾಗ ಈಗ ನಾನು ಗಂಡನನ್ನೂ ಅತ್ತೆಯನ್ನೂ ಕೂರಿಸಿಕೊಂಡು ನೀರು ತರುವವರು ಯಾರು, ಅಡುಗೆಗೆ ಯಾರು ಎಂದು ಹೆಸರು ಕೇಳಿ ಚೀಟಿಯ ಹಿಂದೆ ಬರೆಯುತ್ತೇನೆ. ‘ನೋಡಿಕೊಳ್ತೀವಿ ಬಿಡಿ ಡಾಕ್ಟ್ರೇ’ ಎಂಬುದನ್ನು ಉತ್ತರವೆಂದು ಒಪ್ಪುವುದಿಲ್ಲ. ಕೆಲವರಿಗೆ ಇದು ಅಧಿಕಪ್ರಸಂಗ ಅನಿಸುತ್ತದೆ, ಅನಿಸಲಿ.

ನೋವಿನ ಮಾತ್ರೆಯ ಬಗ್ಗೆ ಎರಡು ಮಾತು. ‘ಕಿಡ್ನಿಗೆ ಒಳ್ಳೇದಲ್ಲ’ ಎಂದು ಅದನ್ನು ಮುಟ್ಟದೆ ಹಲ್ಲು ಕಚ್ಚಿ ಮಲಗುವವರು ನಡೆಯುವುದೂ ಇಲ್ಲ, ಆಳವಾಗಿ ಉಸಿರೆಳೆಯುವುದೂ ಇಲ್ಲ. ಮೊದಲ ಕೆಲವು ದಿನ ನೋವು ಏರುವ ಮುಂಚೆಯೇ ಹೇಳಿದ ಹೊತ್ತಿಗೆ ತೆಗೆದುಕೊಂಡರೆ ಒಟ್ಟು ಮಾತ್ರೆಯೂ ಕಡಿಮೆ ಸಾಕಾದೀತು. ಬರೆದುಕೊಟ್ಟದ್ದನ್ನು ಬಿಟ್ಟು ಮೆಡಿಕಲ್ ಶಾಪಿನಲ್ಲಿ ಬೇರೆ ಕೇಳಿ ನುಂಗುವುದು ಮಾತ್ರ ಬೇಡ. ಕಿಡ್ನಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಹಾಗೆ. ಟ್ರಮಡಾಲ್ ಬಗೆಯ ಮಾತ್ರೆಗಳಿಂದ ಮಲ ಗಟ್ಟಿಯಾಗುತ್ತದೆ, ಮಲಗಿದ್ದರೆ ಇನ್ನೂ ಗಟ್ಟಿ. ಮುಕ್ಕಿದರೆ ಹೊಲಿಗೆಯ ಮೇಲೇ ಒತ್ತಡ. ನೀರು, ಸೊಪ್ಪು, ಬಾಳೆಹಣ್ಣು, ಅದಕ್ಕೂ ಬಗ್ಗದಿದ್ದರೆ ನಾಚಿಕೆ ಬಿಟ್ಟು ವೈದ್ಯರಿಂದ ಔಷಧಿ. ಲ್ಯಾಪರೋಸ್ಕೋಪಿ ಆದವರಿಗೆ ಒಂದೆರಡು ದಿನ ಭುಜ ನೋಯುವುದುಂಟು. ಹೊಟ್ಟೆ ಉಬ್ಬಿಸಲು ಬಿಟ್ಟ ಗಾಳಿ ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಕೆಣಕಿರುತ್ತದೆ, ವಪೆಯ ನರದ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ನಡೆದಾಡಿದರೆ ಬೇಗ ಇಳಿಯುತ್ತದೆ.

ಸ್ನಾನದ ಪ್ರಶ್ನೆಗೆ ಉತ್ತರ ಚಿಕ್ಕದು. ಬೇಡವೆಂದು ನಿಮ್ಮ ವೈದ್ಯರು ಹೇಳದಿದ್ದರೆ ಸಾಮಾನ್ಯ ಹೊಲಿಗೆ ಗಾಯದ ಮೇಲೆ 48 ಗಂಟೆ ಕಳೆದ ನಂತರ ನೀರು ಸುರಿದುಕೊಳ್ಳಬಹುದು, ತಲೆಗೂ. ಉಜ್ಜಬೇಡಿ, ಶುಭ್ರ ಬಟ್ಟೆಯಿಂದ ಒತ್ತಿ ಒರೆಸಿ. ಕೆರೆ, ಹೊಳೆ, ಪುಷ್ಕರಣಿಯಲ್ಲಿ ಮುಳುಗುವ ಹರಕೆ ಇದ್ದರೆ ಗಾಯ ಪೂರ್ತಿ ಒಣಗುವ ತನಕ ದೇವರು ಕಾಯುತ್ತಾನೆ. ಅರಿಶಿನಪುಡಿ, ಕೊಬ್ಬರಿಎಣ್ಣೆ, ಪೌಡರು ಗಾಯದ ಮೇಲೆ ಬೇಡ. ಅಡುಗೆಮನೆಯ ಅರಿಶಿನದ ಡಬ್ಬಿಗೆ ದಿನಕ್ಕೆ ಎಷ್ಟು ಒದ್ದೆ ಕೈ ಬೀಳುತ್ತದೆಂದು ನಿಮಗೇ ಗೊತ್ತು. ಡ್ರೆಸ್ಸಿಂಗ್ ಮುಟ್ಟುವ ಮೊದಲು ಸೋಪು ಹಚ್ಚಿ ಕೈ ತೊಳೆಯುವುದು ಮನೆಯವರ ಕೆಲಸ. ನೋಡಲು ಬಂದವರು ರೋಗಿಯ ಹಾಸಿಗೆ ಬಿಟ್ಟು ಕುರ್ಚಿಯ ಮೇಲೆ ಕೂತರೆ ಒಳ್ಳೆಯದು, ಇದೇ ಆಪರೇಷನ್ ಆಗಿ ತೀರಿಕೊಂಡ ತಮ್ಮ ದೂರದ ಚಿಕ್ಕಪ್ಪನ ಕಥೆ ಹೇಳದಿದ್ದರೆ ಇನ್ನೂ ಒಳ್ಳೆಯದು.

ಫೋನ್ ಮಾಡಬೇಕಾದ್ದು ಯಾವಾಗ? ಗಾಯದ ಸುತ್ತಲ ಕೆಂಪು ದಿನದಿಂದ ದಿನಕ್ಕೆ ಹರಡುತ್ತಿದ್ದರೆ, ಬಿಸಿಯಾಗಿದ್ದರೆ, ಕೀವೋ ವಾಸನೆಯೋ ಬಂದರೆ, ಇಳಿಯುತ್ತಿದ್ದ ನೋವು ಮತ್ತೆ ಏರತೊಡಗಿದರೆ, ಚಳಿಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ, ಹೊಟ್ಟೆ ಉಬ್ಬಿ ಗಾಳಿಯೂ ಸರಿಯದಿದ್ದರೆ, ಮೂತ್ರ ಕಟ್ಟಿದರೆ. ಗಾಯದ ಸೋಂಕು ಮೊದಲ ವಾರಕ್ಕೇ ಬರಬೇಕೆಂದಿಲ್ಲ. ತಿಂಗಳವರೆಗೂ ಕಣ್ಣಿಟ್ಟಿರಬೇಕು, ಒಳಗೆ ಜಾಲರಿಯೋ ಕೃತಕ ಕೀಲೋ ಇಟ್ಟಿದ್ದರೆ ಮೂರು ತಿಂಗಳು. ‘ರಾತ್ರಿ ಹೊತ್ತು ಡಾಕ್ಟ್ರಿಗೆ ಯಾಕೆ ತೊಂದ್ರೆ ಕೊಡೋದು’ ಎಂದು ಬೆಳಗಿನ ತನಕ ಕಾಯುವ ಸಂಕೋಚ ನನಗೆ ಕೊಡುವ ತೊಂದರೆಯೇ ಹೆಚ್ಚು. ಡಿಸ್ಚಾರ್ಜ್ ಸಮ್ಮರಿಯ ಮೇಲೆ ನಂಬರು ಬರೆದಿರುವುದು ಯಾವ ಹೊತ್ತಿನಲ್ಲೂ ಫೋನ್ ಮಾಡಲೆಂದೇ. ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುತ್ತಿದ್ದರೆ ಅದೇ ದಿನ ತೋರಿಸಬೇಕು, ಅದನ್ನು ಎಣ್ಣೆ ಹಚ್ಚಿ ತಿಕ್ಕಬಾರದು. ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿದಾಗ ರಕ್ತ ಕಂಡರೆ ಅದು ಕಾಲಿನ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿರುವ ಸೂಚನೆ ಇರಬಹುದು. ಆಗ ನನಗೆ ಫೋನ್ ಮಾಡಿ ಹೊತ್ತು ಕಳೆಯಬೇಡಿ, ಮೊದಲು 108ಕ್ಕೆ ಮಾಡಿ.